ಕಾಂಪೌಂಡ್ ಗೋಡೆ, ಕೆರೆಯ ನೀರು: ಒಂದು ವಿಶ್ವವಿದ್ಯಾಲಯ ಮತ್ತು ಅದರ ಕೆಳಗಿನ ಊರಿನ ಪ್ರಕರಣ ಅಧ್ಯಯನ

ಹಿನ್ನೆಲೆ

ಈ ಪ್ರಕರಣದ ವಿಶ್ವವಿದ್ಯಾಲಯ ಇರುವುದು ವರ್ಷಕ್ಕೆ ಸುಮಾರು 600 ಮಿಲಿಮೀಟರ್ ಮಳೆ ಬೀಳುವ ಬಯಲುಸೀಮೆಯಲ್ಲಿ. ಹೆಸರು, ಜಿಲ್ಲೆ, ಇಸವಿ ಯಾವುದನ್ನೂ ಇಲ್ಲಿ ಕೊಟ್ಟಿಲ್ಲ. ಗುರುತು ಹತ್ತದಿರಲೆಂದು ಕೆಲವು ವಿವರ ಬದಲಿಸಿ, ಅಳತೆಗಳನ್ನು ದುಂಡು ಸಂಖ್ಯೆಗೆ ತಂದಿದೆ. ಲೆಕ್ಕ ಹಾಕುವ ಕ್ರಮ ಮಾತ್ರ ಎಲ್ಲಿ ಬೇಕಾದರೂ ಬಳಸಬಹುದಾದದ್ದು.

ಆವರಣ ಸುಮಾರು 350 ಎಕರೆ. ಒಂದು ಭಾಗ ಗೋಮಾಳ, ಉಳಿದದ್ದು ಎರಡು ಊರಿನ ರೈತರಿಂದ ಸ್ವಾಧೀನ ಮಾಡಿಕೊಂಡ ಹಿಡುವಳಿ ಜಮೀನು. ಜಾಗ ದಿಬ್ಬದ ಮೇಲಿದೆ. ಇಳಿಜಾರು ಮುಗಿಯುವ ಕಡೆ ಕೆಳಗಿನ ಊರಿನ ಕೆರೆ. ಅಂಗಳ 18 ಎಕರೆ, ಅದರ ನೀರು ಹಾಯುವ ಜಮೀನು, ಎಂದರೆ ಅಚ್ಚುಕಟ್ಟು, 60 ಎಕರೆ ಚಿಲ್ಲರೆ. ಕರ್ನಾಟಕದಲ್ಲಿ 40 ಹೆಕ್ಟೇರಿಗಿಂತ ಕಡಿಮೆ ಅಚ್ಚುಕಟ್ಟಿನ ಕೆರೆಗಳು ಜಿಲ್ಲಾ ಪಂಚಾಯಿತಿಯ ಪಾಲಿಗೆ, ಅದಕ್ಕಿಂತ ದೊಡ್ಡವು ಸಣ್ಣ ನೀರಾವರಿ ಇಲಾಖೆಗೆ. ಇದು ತಿಳಿಯದೆ ಊರಿನವರ ಮೊದಲ ಅರ್ಜಿಗಳು ಸಂಬಂಧವಿಲ್ಲದ ಕಚೇರಿಗೆ ಹೋಗಿ ತಿಂಗಳುಗಟ್ಟಲೆ ಅಲ್ಲೇ ಬಿದ್ದಿದ್ದವು.

ಊರಿಗೂ ವಿಶ್ವವಿದ್ಯಾಲಯಕ್ಕೂ ಬರೀ ನೆರೆಹೊರೆಯ ಸಂಬಂಧವಲ್ಲ. ಜಮೀನು ಬಿಟ್ಟುಕೊಟ್ಟ ಮನೆಗಳ ಮಕ್ಕಳು ಅಲ್ಲಿಯೇ ಹೊರಗುತ್ತಿಗೆಯಲ್ಲಿ ಸೆಕ್ಯೂರಿಟಿ, ಸ್ವಚ್ಛತೆ, ತೋಟದ ಕೆಲಸ ಮಾಡುತ್ತಿದ್ದರು. ಹಾಸ್ಟೆಲ್ ಮೆಸ್ಸಿಗೆ ಸೊಪ್ಪು, ತರಕಾರಿ ಇದೇ ಊರಿನಿಂದ ಹೋಗುತ್ತಿತ್ತು. ಹಾಸ್ಟೆಲ್ ಸಿಗದ ವಿದ್ಯಾರ್ಥಿಗಳು ಊರಿನ ಬಾಡಿಗೆ ಕೋಣೆಗಳಲ್ಲಿ, ಪಿಜಿಗಳಲ್ಲಿ ಇದ್ದರು. ಜಗಳ ಬಿಗಿಯಾದಾಗ ಎರಡೂ ಕಡೆಯವರಿಗೆ ನೋವಾದದ್ದಕ್ಕೂ, ಕೊನೆಗೆ ಮಾತುಕತೆ ಸಾಧ್ಯವಾದದ್ದಕ್ಕೂ ಈ ನಂಟೇ ಕಾರಣ.

ಸಮಸ್ಯೆ

ಆವರಣದೊಳಗೆ ದನ ನುಗ್ಗುವುದು, ಶ್ರೀಗಂಧದ ಮರ ಕಡಿಯುವುದು, ರಾತ್ರಿ ಹೊರಗಿನವರ ಓಡಾಟ ಹೀಗೆ ದೂರುಗಳಿದ್ದವು. ಅನುದಾನ ಬಂದಾಗ ಸುತ್ತಲೂ ಏಳು ಅಡಿ ಎತ್ತರದ ಗೋಡೆ ಎದ್ದಿತು. ಸೈಜುಗಲ್ಲಿನ ತಳಪಾಯ, ಮೇಲೆ ಸಿಮೆಂಟ್ ಬ್ಲಾಕು, ಹತ್ತು ಅಡಿಗೊಂದು ಕಂಬ. ಕೆರೆಗೆ ಇಳಿಯುವ ಎರಡು ಹಳ್ಳಗಳನ್ನು ಗೋಡೆ ದಾಟುವ ಕಡೆ ಗುತ್ತಿಗೆದಾರ ಒಂದೊಂದು 300 ಮಿಲಿಮೀಟರ್ ಸಿಮೆಂಟ್ ಪೈಪು ಹೂತು ಮುಂದಕ್ಕೆ ಹೋದ. ಬೇಸಿಗೆಯಲ್ಲಿ ನೋಡಿದವರಿಗೆ ಅದು ಸಾಕು ಎನಿಸಿರಬಹುದು. ಒಣಗಿದ ಹಳ್ಳ ಕಂಡವರು ಅದನ್ನು ಚರಂಡಿ ಎಂದೇ ತಿಳಿಯುತ್ತಾರೆ.

ಲೆಕ್ಕ ಹಾಕಿದ್ದರೆ ತಪ್ಪು ಅರ್ಧ ಗಂಟೆಯಲ್ಲಿ ಸಿಗುತ್ತಿತ್ತು. ಸಣ್ಣ ಜಲಾನಯನದಲ್ಲಿ (ಮಳೆನೀರು ಹರಿದು ಹಳ್ಳ ಸೇರುವ ಪ್ರದೇಶ) ಮಳೆಯ ಗರಿಷ್ಠ ಹರಿವು ತಿಳಿಯಲು ಎಂಜಿನಿಯರುಗಳು ಬಳಸುವ ಸರಳ ಸೂತ್ರವಿದೆ: ಹರಿದು ಹೋಗುವ ಪಾಲು, ಗಂಟೆಗೆ ಬೀಳುವ ಮಳೆ (ಮಿಲಿಮೀಟರ್), ಜಲಾನಯನದ ವಿಸ್ತೀರ್ಣ (ಹೆಕ್ಟೇರ್) ಈ ಮೂರನ್ನೂ ಗುಣಿಸಿ 360ರಿಂದ ಭಾಗಿಸಿದರೆ ಸೆಕೆಂಡಿಗೆ ಎಷ್ಟು ಘನ ಮೀಟರ್ ಎಂದು ಸಿಗುತ್ತದೆ. ಎರಡೂ ಹಳ್ಳಗಳ ಜಲಾನಯನ ಸೇರಿ ಸುಮಾರು 120 ಹೆಕ್ಟೇರ್. ಕಟ್ಟಡ, ಡಾಂಬರು, ಗಟ್ಟಿ ನೆಲ ಕೂಡಿದ ಜಾಗದಲ್ಲಿ ಹರಿಯುವ ಪಾಲು 0.4 ಎಂದಿಟ್ಟುಕೊಂಡು, ಗಂಟೆಗೆ 60 ಮಿಲಿಮೀಟರ್ ವೇಗದ ಮಳೆ ಹಿಡಿದರೆ ಸೆಕೆಂಡಿಗೆ 8 ಘನ ಮೀಟರ್ ನೀರು. 300 ಮಿಲಿಮೀಟರ್ ಪೈಪು ತುಂಬಿ ಹರಿದರೂ ಸೆಕೆಂಡಿಗೆ ಸಾಗಿಸುವುದು ಸುಮಾರು 0.14 ಘನ ಮೀಟರ್. ಎರಡು ಪೈಪು ಸೇರಿ 0.28. ಬರುವ ನೀರು ಹೋಗುವ ದಾರಿಗಿಂತ ಇಪ್ಪತ್ತೆಂಟು ಪಟ್ಟು ದೊಡ್ಡದು.

ಆ ವರ್ಷದ ಉತ್ತರೆ ಮಳೆಯಲ್ಲಿ ಆಗಬೇಕಾದದ್ದೇ ಆಯಿತು. ಒಣ ಎಲೆ, ಪ್ಲಾಸ್ಟಿಕ್, ಕತ್ತರಿಸಿ ಎಸೆದ ಗಿಡಗಂಟಿ ಕಚ್ಚಿಕೊಂಡು ಪೈಪು ಕಟ್ಟಿತು. ಆವರಣದ ಒಳಗೆ ಗೋಡೆಗೆ ಒತ್ತಿ ನೀರು ನಿಂತಿತು. ಬೆಳಗಿನ ಜಾವ ಗೋಡೆಯ ಉದ್ದನೆಯ ಒಂದು ತುಂಡು ಹೊರಕ್ಕೆ ಮಗುಚಿ, ಒಮ್ಮೆಲೇ ನುಗ್ಗಿದ ನೀರು ತೆನೆ ಕಟ್ಟುತ್ತಿದ್ದ ರಾಗಿ ಹೊಲಗಳ ಮೇಲೆ ಮಣ್ಣು, ಕಲ್ಲು ಹರವಿತು. ರಿಪೇರಿ ಮಾಡುವಾಗ ತಳಪಾಯ ಇನ್ನಷ್ಟು ಗಟ್ಟಿ ಮಾಡಿದರು, ಪೈಪು ಮಾತ್ರ ಅಷ್ಟೇ ಉಳಿಯಿತು. ಗೋಡೆ ಬಿದ್ದದ್ದು ಗೋಡೆಯ ದೋಷದಿಂದ ಎಂದು ಓದಿಕೊಂಡ ಕ್ಷಣವೇ ಮುಂದಿನ ಎರಡು ವರ್ಷದ ತೊಂದರೆಗೆ ಬುನಾದಿ ಬಿತ್ತು. ಈಗ ಗೋಡೆ ಬೀಳಲಿಲ್ಲ, ಕೆರೆಯೂ ತುಂಬಲಿಲ್ಲ.

ಕೆರೆಯ ಪಾಲಿಗೆ ಇದರ ಅರ್ಥವೇನು? 120 ಹೆಕ್ಟೇರ್ ಮೇಲೆ ವರ್ಷಕ್ಕೆ 600 ಮಿಲಿಮೀಟರ್ ಎಂದರೆ 7.2 ಲಕ್ಷ ಘನ ಮೀಟರ್ ಮಳೆ. ಬಹುಪಾಲು ನೆಲಕ್ಕೆ ಇಂಗಿ, ಆವಿಯಾಗಿ, ಹತ್ತರಲ್ಲಿ ಒಂದು ಪಾಲು ಕೆರೆ ಸೇರಿದರೂ 72 ಸಾವಿರ ಘನ ಮೀಟರ್. ಕೆರೆಯ ಅಂಗಳ 18 ಎಕರೆ, ಸರಾಸರಿ ಆಳ ಒಂದೂವರೆ ಮೀಟರ್ ಎಂದರೆ ತುಂಬಿದಾಗ ಹಿಡಿಯುವುದು ಸುಮಾರು 1.09 ಲಕ್ಷ ಘನ ಮೀಟರ್. ಕೆರೆ ತುಂಬುವ ನೀರಿನಲ್ಲಿ ಮೂರನೇ ಎರಡು ಭಾಗ ಆ ಗೋಡೆ ದಾಟಿಯೇ ಬರಬೇಕು.

ಇನ್ನೊಂದು ಪೆಟ್ಟೂ ಇತ್ತು. ಪೈಪಿನಲ್ಲಿ ಮಳೆನೀರು ಬರದಿದ್ದರೂ ಹಾಸ್ಟೆಲಿನ ಕೊಳಚೆ ತಪ್ಪದೆ ಬರುತ್ತಿತ್ತು. ಮೋಡ ಕವಿದ ದಿನಗಳ ನಂತರ ಬೆಳಗಿನ ಹೊತ್ತು ಮೀನುಗಳು ಮೇಲೆ ಬಂದು ಬಾಯಿ ತೆರೆದು ತೇಲುವುದು, ಕೆಲವೊಮ್ಮೆ ಸಾಯುವುದು ಶುರುವಾಯಿತು. ಊರಿನಲ್ಲಿ ಯಾರೋ ವಿಷ ಹಾಕಿದರೆಂಬ ಮಾತು ಹಬ್ಬಿತು. ವಿಷದ ಅಗತ್ಯವೇ ಇರಲಿಲ್ಲ. ಕೊಳಚೆ ತಿಂದು ಹೆಚ್ಚಿದ ಪಾಚಿ ರಾತ್ರಿ ಆಮ್ಲಜನಕ ಹೀರುತ್ತದೆ. ಹಗಲು ಬಿಸಿಲಿಲ್ಲದಿದ್ದರೆ ಅದು ಆಮ್ಲಜನಕ ಬಿಡುವುದೂ ಕಡಿಮೆ. ಸೂರ್ಯ ಹುಟ್ಟುವ ಮುಂಚೆ ಲೀಟರಿಗೆ ಎರಡು ಮಿಲಿಗ್ರಾಂಗಿಂತ ಕೆಳಗಿಳಿದರೆ ಕೆರೆಯ ಮೀನು ಉಳಿಯುವುದು ಕಷ್ಟ.

ಮೂರನೆಯದು ದಾರಿ. ಆವರಣದ ಒಂದು ಮೂಲೆಯಲ್ಲಿ ಊರಿನ ಗ್ರಾಮದೇವತೆಯ ಸಣ್ಣ ಗುಡಿ ಇದೆ. ಗೋಡೆ ಬಂದ ಮೇಲೆ ಅಲ್ಲಿಗೆ ಹೋಗಲು ಮುಖ್ಯ ಗೇಟಿನಲ್ಲಿ ಹೆಸರು ಬರೆಸಿ, ಮೂರು ಕಿಲೋಮೀಟರ್ ಸುತ್ತಬೇಕಾಯಿತು. ನೀರಿನ ಸಿಟ್ಟಿಗಿಂತ ಈ ಸಿಟ್ಟು ಊರಿನಲ್ಲಿ ಬೇಗ ಹರಡಿತು. ಅದನ್ನು ವಿಶ್ವವಿದ್ಯಾಲಯದವರು ಬಹಳ ತಡವಾಗಿ ಅರ್ಥ ಮಾಡಿಕೊಂಡರು.

ಏನೇನು ಪ್ರಯತ್ನಿಸಿದರು

ಊರಿನವರು ಮೊದಲು ಕುಲಪತಿಗಳಿಗೆ ಮನವಿ ಕೊಟ್ಟರು. ಎಸ್ಟೇಟ್ ಶಾಖೆಯಿಂದ ನಾಲ್ಕು ಸಾಲಿನ ಉತ್ತರ ಬಂತು: ಗೋಡೆ ವಿಶ್ವವಿದ್ಯಾಲಯದ ಜಮೀನಿನಲ್ಲೇ ಇದೆ, ನೀರು ಹೋಗಲು ಪೈಪು ಅಳವಡಿಸಿದೆ. ಮನವಿಯಲ್ಲಿ ಗುಡಿ, ಕೆರೆ, ಕೊಳಚೆ, ಬೆಳೆ ಪರಿಹಾರ, ಕೆಲಸ ಎಲ್ಲವೂ ಒಂದೇ ಹಾಳೆಯಲ್ಲಿ ಸೇರಿದ್ದರಿಂದ ಯಾವುದಕ್ಕೂ ಸರಿಯಾದ ಉತ್ತರ ಬರಲಿಲ್ಲ. ಒಂದು ವಿಷಯಕ್ಕೆ ಒಂದು ಅರ್ಜಿ ಎಂಬುದು ಕಚೇರಿಯೊಂದಿಗೆ ವ್ಯವಹರಿಸುವವರು ಬಿಡಬಾರದ ನಿಯಮ. ಕಡತ ಹೋಗುವುದು ವಿಷಯದ ಜಾಡು ಹಿಡಿದು. ನಾಲ್ಕು ಶಾಖೆಗೆ ಸಂಬಂಧಿಸಿದ ಅರ್ಜಿ ಯಾವ ಶಾಖೆಯದೂ ಆಗುವುದಿಲ್ಲ.

ನಂತರ ಮುಖ್ಯ ಗೇಟಿನ ಮುಂದೆ ಧರಣಿ. ಧರಣಿಯಲ್ಲಿ ಕಾಣಿಸಿಕೊಂಡ ಕೆಲವು ಹೊರಗುತ್ತಿಗೆ ನೌಕರರನ್ನು ಏಜೆನ್ಸಿ ಮರುವಾರ ಕೆಲಸದಿಂದ ನಿಲ್ಲಿಸಿತು. ಆದೇಶ ಏಜೆನ್ಸಿಯದು, ಆದರೆ ಊರಿನಲ್ಲಿ ಯಾರೂ ಅದನ್ನು ಹಾಗೆ ಓದಲಿಲ್ಲ. ಇದಕ್ಕೆ ಉತ್ತರವಾಗಿ ಊರಿನಿಂದ ಮೆಸ್ಸಿಗೆ ಹೋಗುತ್ತಿದ್ದ ತರಕಾರಿ ನಿಂತಿತು, ಹಿಂದಿನ ಗೇಟಿನ ದಾರಿಗೆ ಕಲ್ಲು ಅಡ್ಡ ಬಿತ್ತು. ನೌಕರರನ್ನು ನಿಲ್ಲಿಸಿದ್ದೇ ಇಡೀ ಪ್ರಕರಣದಲ್ಲಿ ಅತ್ಯಂತ ಹಾನಿ ಮಾಡಿದ ನಿರ್ಧಾರ. ಕೂಲಿಯವರ ಹೊಟ್ಟೆಯ ಮೇಲೆ ಬಿದ್ದ ಏಟು ನೀರಿನ ಪ್ರಶ್ನೆಯನ್ನು ಮಾನದ ಪ್ರಶ್ನೆಯಾಗಿ ಬದಲಿಸಿತು. ಆ ನೌಕರರು ಮತ್ತೆ ಕೆಲಸಕ್ಕೆ ಬರುವವರೆಗೆ ಊರಿನ ಯಾವ ಹಿರಿಯರೂ ರಾಜಿಯ ಮಾತಿಗೆ ಒಪ್ಪಲಿಲ್ಲ. ಒಪ್ಪದಿದ್ದುದು ಸರಿಯೇ.

ವಿಶ್ವವಿದ್ಯಾಲಯದ ಕಡೆಯಿಂದ ಬಂದ ಮೊದಲ ಸ್ನೇಹದ ಹೆಜ್ಜೆ ಎನ್‌ಎಸ್‌ಎಸ್ ವಿಶೇಷ ಶಿಬಿರ. ಏಳು ದಿನ, ಐವತ್ತು ಸ್ವಯಂಸೇವಕರು, ಕೆರೆಯ ಹೂಳು ತೆಗೆಯುವ ಶ್ರಮದಾನ. ಮಕ್ಕಳ ಮನಸ್ಸು ಒಳ್ಳೆಯದಿತ್ತು. ಲೆಕ್ಕ ಮಾತ್ರ ಕೂಡಿರಲಿಲ್ಲ. ರೂಢಿಯಿಲ್ಲದ ಕೈಗಳು ದಿನಕ್ಕೆ ತಲಾ ಅರ್ಧ ಘನ ಮೀಟರ್ ಮಣ್ಣು ಎತ್ತಿ ಸಾಗಿಸಿದರೆ ಹೆಚ್ಚು. ಐದು ದಿನದ ಕೆಲಸಕ್ಕೆ 125 ಘನ ಮೀಟರ್. 18 ಎಕರೆ ಅಂಗಳದಲ್ಲಿ ಒಂದೇ ಒಂದು ಅಡಿ ಹೂಳು ತೆಗೆಯಬೇಕೆಂದರೂ 22 ಸಾವಿರ ಘನ ಮೀಟರ್. ಊರಿನವರು ಜೊತೆ ಸೇರಲಿಲ್ಲ. ಏರಿಯ ಮೇಲೆ ಕೂತಿದ್ದ ಒಬ್ಬರು ಕೇಳಿದ್ದು ಇಷ್ಟೇ: "ಹೂಳು ತೆಗದು ಏನ್ ಮಾಡೀರಪ್ಪ, ನೀರು ಎಲ್ಲಿಂದ ಬರ್ಬೇಕು?"

ತಿರುವು

ಶಿಬಿರದ ಕಾರ್ಯಕ್ರಮಾಧಿಕಾರಿ ಆ ಪ್ರಶ್ನೆಯನ್ನು ಕೇಳಿಸಿಕೊಂಡು ಸುಮ್ಮನಾಗಲಿಲ್ಲ. ಉಳಿದ ಎರಡು ದಿನ ಗುದ್ದಲಿ ಪಕ್ಕಕ್ಕಿಟ್ಟು, ಸಮಾಜಕಾರ್ಯ ವಿಭಾಗದ ವಿದ್ಯಾರ್ಥಿಗಳು ಕಲಿತಿದ್ದ ಗ್ರಾಮ ನಕ್ಷೆಯ ವಿಧಾನಕ್ಕೆ ಕೆಲಸ ತಿರುಗಿಸಿದರು. ಶಾಲೆಯ ಅಂಗಳದಲ್ಲಿ ರಂಗೋಲಿ ಪುಡಿ, ಇಟ್ಟಿಗೆ ಚೂರು, ಸೊಪ್ಪು ಇಟ್ಟು ಊರಿನವರಿಂದಲೇ ಕೆರೆಗೆ ನೀರು ಬರುವ ದಾರಿ ಬಿಡಿಸಿದರು. ಹಿಂದೆ ಕೆರೆಯ ನೀರು ಹಂಚುವ ನೀರುಗಂಟಿಯಾಗಿದ್ದ ವೃದ್ಧರೊಬ್ಬರು ಎರಡು ಹಳ್ಳವನ್ನೂ ಮೇಲಿನಿಂದ ಕೆಳಗಿನವರೆಗೆ ಎಳೆದು, ಎಲ್ಲಿ ತಿರುಗುತ್ತದೆ, ಎಲ್ಲಿ ಬಂಡೆ ಇದೆ, ಯಾವ ಮರದ ಬುಡದಲ್ಲಿ ಕವಲು ಕೂಡುತ್ತದೆ ಎಂದು ತೋರಿಸಿದರು. "ಅಲ್ಲಿ ಈಗ ಲೈಬ್ರರಿ ಇದೆ ತಾತ" ಎಂದು ಒಬ್ಬ ಹುಡುಗಿ ಹೇಳಿದಾಗ ಅವರು, "ಇರ್ಲಿ ಕಣವ್ವ, ನೀರು ಅದ್ರ ಪಕ್ಕದಾಗೇ ಹೋಯ್ತದೆ, ಮಳೆ ಬಂದಾಗ ನೋಡು" ಎಂದರು.

ವಿದ್ಯಾರ್ಥಿಗಳು ಆ ರೇಖೆಯನ್ನು ಕಾಗದಕ್ಕೆ ಇಳಿಸಿ, ಕಂದಾಯ ಇಲಾಖೆಯ ಗ್ರಾಮ ನಕಾಶೆಯ ಪಕ್ಕ ಇಟ್ಟರು. ನಕಾಶೆಯಲ್ಲಿ ಎರಡೂ ಹಳ್ಳಗಳು ಹಾಗೆಯೇ ಇದ್ದವು. ಗ್ರಾಮ ನಕಾಶೆಯನ್ನು ಭೂದಾಖಲೆ ಇಲಾಖೆಯ ಜಾಲತಾಣದಿಂದ ಇಳಿಸಿಕೊಳ್ಳಬಹುದು. ಮೊಬೈಲಿನ ದಿಶಾಂಕ್ ಆ್ಯಪಿನಲ್ಲಿ ನಿಂತ ಜಾಗದ ಸರ್ವೆ ನಂಬರು ಕಾಣುತ್ತದೆ. ಇವೆರಡೂ ಮೊದಲ ನೋಟಕ್ಕೆ ಸಾಕು. ಗಡಿ ವಿವಾದಕ್ಕೆ ಸಾಕಾಗುವುದಿಲ್ಲ, ಏಕೆಂದರೆ ಮೊಬೈಲಿನ ರೇಖೆ ಕೆಲವು ಮೀಟರ್ ಅತ್ತಿತ್ತ ಇರಬಹುದು. ಆದ್ದರಿಂದ ಗ್ರಾಮ ಪಂಚಾಯಿತಿ ಮತ್ತು ವಿಶ್ವವಿದ್ಯಾಲಯ ಎರಡೂ ಸಹಿ ಹಾಕಿ ಜಂಟಿ ಸರ್ವೆಗೆ ತಾಲ್ಲೂಕು ಭೂಮಾಪನ ಕಚೇರಿಗೆ ಅರ್ಜಿ ಹಾಕಿದವು. ಜಂಟಿ ಅರ್ಜಿ ಎಂಬುದು ಮುಖ್ಯ. ಒಬ್ಬರೇ ಕರೆಸಿದ ಸರ್ವೆಯನ್ನು ಇನ್ನೊಬ್ಬರು ಒಪ್ಪುವುದು ಅಪರೂಪ.

ಸರ್ವೆಗೆ ಮುಂಚೆ ಕೈಯಲ್ಲಿರಬೇಕಾದ ಕಾಗದಗಳು ನಾಲ್ಕು: ಹಳ್ಳ ಹಾದುಹೋಗುವ ಪ್ರತಿ ಸರ್ವೆ ನಂಬರಿನ ಮೂಲ ಟಿಪ್ಪಣಿ (ಮೊದಲ ಸರ್ವೆಯ ಅಳತೆಯ ನಕ್ಷೆ), ಆಕಾರ್‌ಬಂದ್ (ವಿಸ್ತೀರ್ಣ, ಖರಾಬು, ಕಂದಾಯದ ಪಟ್ಟಿ), ಹಳೆಯ ಪಹಣಿ, ಭೂಸ್ವಾಧೀನದ ಅಂತಿಮ ಅಧಿಸೂಚನೆ ಮತ್ತು ಅದರ ಐತೀರ್ಪು (ಪರಿಹಾರದ ಆದೇಶ). ನಾಲ್ಕನೆಯದನ್ನು ವಿಶ್ವವಿದ್ಯಾಲಯದಲ್ಲೇ ಯಾರೂ ತೆರೆದು ನೋಡಿರಲಿಲ್ಲ. ಊರಿನ ಯುವಕರು ಮಾಹಿತಿ ಹಕ್ಕಿನಡಿ ಅರ್ಜಿ ಹಾಕಿ ಪಡೆದರು. 10 ರೂಪಾಯಿ ಶುಲ್ಕ, 30 ದಿನದ ಗಡುವು. ಟಿಪ್ಪಣಿ ಓದುವಾಗ ಒಂದು ಎಚ್ಚರ ಬೇಕು. ಹಳೆಯ ಅಳತೆ ಅಡಿಯಲ್ಲೂ ಇಲ್ಲ, ಮೀಟರಿನಲ್ಲೂ ಇಲ್ಲ. ಸರಪಳಿ ಮತ್ತು ಆಣೆಯಲ್ಲಿದೆ. ಒಂದು ಸರಪಳಿಗೆ 33 ಅಡಿ, 16 ಆಣೆಗೆ ಒಂದು ಸರಪಳಿ, ಹಾಗಾಗಿ ಒಂದು ಆಣೆ ಎಂದರೆ ಎರಡು ಅಡಿಗಿಂತ ಚೂರು ಹೆಚ್ಚು. 33 ಅಡಿ ಉದ್ದ 33 ಅಡಿ ಅಗಲ ಒಂದು ಗುಂಟೆ. ಇದು ಗೊತ್ತಿಲ್ಲದೆ ಟಿಪ್ಪಣಿಯ ಅಂಕಿಯನ್ನು ಅಡಿ ಎಂದು ಓದಿ ಜಗಳ ಬೆಳೆಸಿದ ಉದಾಹರಣೆಗಳು ಎಲ್ಲ ತಾಲ್ಲೂಕಿನಲ್ಲೂ ಸಿಗುತ್ತವೆ.

ನಾಲ್ಕು ಕಾಗದ ಒಟ್ಟಿಗೆ ಇಟ್ಟಾಗ ವಿಷಯ ಬಿಚ್ಚಿಕೊಂಡಿತು. ಪ್ರತಿ ಸರ್ವೆ ನಂಬರಿನಲ್ಲಿ ಹಳ್ಳ ಹರಿಯುವ ಕೆಲವು ಗುಂಟೆಗಳು ಬಿ ಖರಾಬು ಎಂದು ದಾಖಲಾಗಿದ್ದವು. ಎ ಖರಾಬು ಎಂದರೆ ಹಿಡುವಳಿಯೊಳಗಿನ ಸಾಗುವಳಿಗೆ ಬಾರದ ಜಾಗ, ಅದು ಹಿಡುವಳಿಯ ಜೊತೆಗೇ ಹೋಗುತ್ತದೆ. ಬಿ ಖರಾಬು ಎಂದರೆ ದಾರಿ, ಹಳ್ಳ, ಸ್ಮಶಾನದಂಥ ಸಾರ್ವಜನಿಕ ಉಪಯೋಗದ ಜಾಗ. ರೈತರಿಗೆ ಪರಿಹಾರ ಕೊಟ್ಟು ಸ್ವಾಧೀನ ಮಾಡಿಕೊಂಡ ವಿಸ್ತೀರ್ಣದಲ್ಲಿ ಬಿ ಖರಾಬು ಸೇರಿರಲಿಲ್ಲ. ಕರ್ನಾಟಕ ಭೂಕಂದಾಯ ಕಾಯ್ದೆ, 1964ರ 67ನೇ ಕಲಮಿನ ಪ್ರಕಾರ ಅಂಥ ಹಳ್ಳ, ಕಾಲುವೆ, ದಾರಿಗಳು ಸರ್ಕಾರದ ಸೊತ್ತು. ಎಂದರೆ ಆವರಣದ ಒಳಗೇ ಇದ್ದರೂ ಆ ಎರಡು ಪಟ್ಟಿ ನೆಲ ವಿಶ್ವವಿದ್ಯಾಲಯದ್ದಾಗಿರಲಿಲ್ಲ. ಗೋಡೆ ಅದನ್ನು ಎರಡು ಕಡೆ ಕತ್ತರಿಸಿತ್ತು.

ಅಲ್ಲಿಯವರೆಗೆ ನೀರು ಬಿಡುವುದು ಊರಿಗೆ ಮಾಡುವ ಉಪಕಾರ ಎಂಬ ಧಾಟಿಯಲ್ಲಿ ಮಾತು ನಡೆಯುತ್ತಿತ್ತು. ಆಮೇಲೆ ಅದು ಕಾನೂನಿನ ಕರ್ತವ್ಯವಾಯಿತು. ಇದರಿಂದ ಅಧಿಕಾರಿಗಳಿಗೂ ಹಗುರವಾಯಿತು ಎಂಬುದನ್ನು ಗಮನಿಸಬೇಕು. ಉಪಕಾರಕ್ಕೆ ಹಣ ಖರ್ಚು ಮಾಡಲು ಯಾವ ಹಣಕಾಸು ಅಧಿಕಾರಿಯೂ ಸಹಿ ಹಾಕಲಾರ. ಕರ್ತವ್ಯಕ್ಕೆ ಹಾಕುತ್ತಾರೆ.

ಹಣ ಮತ್ತು ಕಡತ

ಈ ಹಂತದಲ್ಲಿ ಎಂಜಿನಿಯರಿಂಗ್ ಶಾಖೆ ಹಿಂಜರಿದದ್ದಕ್ಕೆ ಹಟ ಕಾರಣವಲ್ಲ. ಬಿಲ್ ಪಾವತಿಯಾದ ಗೋಡೆಯನ್ನು ಒಡೆದರೆ ಲೆಕ್ಕಪರಿಶೋಧನೆಯಲ್ಲಿ ನಿಷ್ಫಲ ವೆಚ್ಚ ಎಂಬ ಆಕ್ಷೇಪ ಬರುತ್ತದೆ, ಅದು ಸಹಿ ಹಾಕಿದವರ ನಿವೃತ್ತಿಯವರೆಗೂ ಬೆನ್ನು ಬಿಡುವುದಿಲ್ಲ. ಹಾಗಾಗಿ ಪ್ರಸ್ತಾವ ಬರೆದದ್ದು ಗೋಡೆ ತೆರವು ಎಂದಲ್ಲ, ಸರ್ವೆ ವರದಿಯ ಅನ್ವಯ ಹಳ್ಳಕ್ಕೆ ಕಿರುಸೇತುವೆ ಮಾದರಿಯ ಕಿಂಡಿ ನಿರ್ಮಾಣ ಎಂದು. ಸರ್ವೆ ನಕ್ಷೆ, ಹರಿವಿನ ಲೆಕ್ಕ, ಗೋಡೆ ಬಿದ್ದಾಗಿನ ಫೋಟೊ, ರಿಪೇರಿಗೆ ಆದ ಖರ್ಚು ನಾಲ್ಕೂ ಲಗತ್ತಾದವು. ಮತ್ತೆ ಗೋಡೆ ಬಿದ್ದರೆ ಆಗುವ ಖರ್ಚಿಗಿಂತ ಕಿಂಡಿಯ ಖರ್ಚು ಕಡಿಮೆ ಎಂಬ ಒಂದು ಸಾಲು ಕಟ್ಟಡ ಸಮಿತಿ, ಹಣಕಾಸು ಸಮಿತಿ, ವಿಶ್ವವಿದ್ಯಾಲಯದ ಆಡಳಿತ ಮಂಡಳಿಯಾದ ಸಿಂಡಿಕೇಟ್ ಮೂರನ್ನೂ ದಾಟಿಸಿತು. ಹರಿವಿನ ಲೆಕ್ಕ ಹಾಕಿಕೊಟ್ಟವರು ಭೂವಿಜ್ಞಾನ ವಿಭಾಗದವರು. ಗೋಡೆ ಕಟ್ಟುವ ಮುಂಚೆ ಅವರನ್ನು ಯಾರೂ ಕೇಳಿರಲಿಲ್ಲ. ವಿಶ್ವವಿದ್ಯಾಲಯಗಳಲ್ಲಿ ಕಟ್ಟಡದ ಕಡತ ವಿಭಾಗಗಳ ಬಾಗಿಲಿಗೆ ಹೋಗುವ ರೂಢಿಯೇ ಇಲ್ಲ. ಇದು ಬದಲಾಗಲೇಬೇಕು.

ಮೊದಲ ಮಾತುಕತೆ ಸಿಂಡಿಕೇಟ್ ಸಭಾಂಗಣದಲ್ಲಿ ನಡೆದು ವಿಫಲವಾಯಿತು. ಪರದೆಯ ಮೇಲೆ ಇಂಗ್ಲಿಷಿನ ಚಿತ್ರಪಟಗಳು, ಹಿಂದಿನ ಸಾಲಿನಲ್ಲಿ ಮೌನವಾಗಿ ಕೂತ ರೈತರು. ಎರಡನೆಯದು ಗೋಡೆಯ ಬುಡದಲ್ಲೇ, ಹಳ್ಳದ ಮರಳಿನ ಮೇಲೆ ನಿಂತು ನಡೆಯಿತು. ಅಲ್ಲಿ ಕುಲಸಚಿವರು ಕೆಲಸ ಕಳೆದುಕೊಂಡವರನ್ನು ಮರಳಿ ತೆಗೆದುಕೊಳ್ಳುವ ಪತ್ರ ಓದಿ ಹೇಳಿದ ಮೇಲೆಯೇ ಉಳಿದ ಮಾತು ಶುರುವಾದದ್ದು.

ಕಿಂಡಿ ಹೇಗಿತ್ತು

ಸೆಕೆಂಡಿಗೆ 8 ಘನ ಮೀಟರ್ ನೀರು, ವೇಗ ಸೆಕೆಂಡಿಗೆ 2 ಮೀಟರ್ ಎಂದರೆ ಕನಿಷ್ಠ 4 ಚದರ ಮೀಟರ್ ಬಾಯಿ ಬೇಕು. ಮುಖ್ಯ ಹಳ್ಳ ಮೊದಲು ಎಂದು ತೀರ್ಮಾನಿಸಿ ಅಲ್ಲಿಯೇ ತಲಾ 2 ಮೀಟರ್ ಅಗಲ, 1.2 ಮೀಟರ್ ಎತ್ತರದ ಎರಡು ಕಣ್ಣು ತೆರೆದರು. 4.8 ಚದರ ಮೀಟರ್. ಎರಡನೇ ಹಳ್ಳದ ಪಾಲನ್ನೂ ಸೇರಿಸಿ ಮಾಡಿದ ಲೆಕ್ಕಕ್ಕಿಂತ ಇದು ದೊಡ್ಡದಾದ್ದರಿಂದ ಕಸ ಕಟ್ಟುವುದಕ್ಕೂ ಸ್ವಲ್ಪ ಅವಕಾಶ ಉಳಿಯಿತು. ಕಣ್ಣಿನ ತಳ ಹಳ್ಳದ ತಳಕ್ಕೆ ಸರಿಸಮ ಇರಬೇಕು. ಒಂದು ಅಡಿ ಎತ್ತರಿಸಿದರೂ ಹಿಂದೆ ಮರಳು ತುಂಬಿ ಎರಡು ವರ್ಷದಲ್ಲಿ ಬಾಯಿ ಅರ್ಧವಾಗುತ್ತದೆ. ಮೇಲ್ಭಾಗದಲ್ಲಿ 3 ಮೀಟರ್, ಕೆಳಭಾಗದಲ್ಲಿ 5 ಮೀಟರ್ ಕಲ್ಲು ಹಾಸು, ಅದರ ಅಂಚಿನಲ್ಲಿ ನೆಲದೊಳಕ್ಕೆ ಒಂದು ಮೀಟರ್ ಅಡ್ಡಗೋಡೆ. ಕೆಳಗಿನ ಹಾಸು ಬಿಟ್ಟರೆ ಇಳಿಯುವ ನೀರು ಮಣ್ಣು ಕೊರೆದು ತಳಪಾಯವನ್ನೇ ತೂಗಾಡಿಸುತ್ತದೆ. ಹಣ ಉಳಿಸಲು ಹೋಗುವವರು ಸಾಮಾನ್ಯವಾಗಿ ಕೈಬಿಡುವುದು ಇದನ್ನೇ.

ಆವರಣದ ಒಳಗೆ, ಕಿಂಡಿಗಿಂತ 20 ಮೀಟರ್ ಮೇಲೆ 6 ಮೀಟರ್ ಉದ್ದ, 4 ಮೀಟರ್ ಅಗಲ, 1 ಮೀಟರ್ ಆಳದ ಹೂಳುಗುಂಡಿ. ಅದಕ್ಕೆ ಟ್ರ್ಯಾಕ್ಟರ್ ಇಳಿಯುವ ಇಳಿಜಾರು ಕಡ್ಡಾಯ. ಯಂತ್ರ ಇಳಿಯದ ಗುಂಡಿ ಒಂದು ಮಳೆಗಾಲಕ್ಕೆ ತುಂಬಿ, ಮತ್ತೆ ಯಾರೂ ಮುಟ್ಟದೆ ಉಳಿಯುತ್ತದೆ.

ಭದ್ರತೆಯವರು ಕಣ್ಣಿಗೆ ಸರಳು ಬೇಕೆಂದರು, ಬೇಡಿಕೆ ನ್ಯಾಯವಾದದ್ದೇ. 20 ಮಿಲಿಮೀಟರ್ ಸರಳುಗಳನ್ನು 15 ಸೆಂಟಿಮೀಟರಿಗೊಂದರಂತೆ ನೇರವಾಗಿ ಸಿಮೆಂಟಿನಲ್ಲಿ ಕೂರಿಸಿದರು. ಅದೇ ಮುಂದೆ ತೊಂದರೆಯಾಯಿತು.

ಗುಡಿಯ ದಾರಿ ಇತ್ಯರ್ಥವಾಗಲು ಹೆಚ್ಚು ಹೊತ್ತು ಹಿಡಿಯಿತು, ಏಕೆಂದರೆ ಹಳೆಯ ಕಾಲುದಾರಿ ಹೆಣ್ಣುಮಕ್ಕಳ ಹಾಸ್ಟೆಲಿನ ಪಕ್ಕದಲ್ಲೇ ಹೋಗುತ್ತಿತ್ತು. ಹಾಸ್ಟೆಲಿನವರ ಆತಂಕಕ್ಕೆ ಬೆಲೆ ಕೊಟ್ಟು, ಗೋಡೆಯ ಅಂಚಿನಲ್ಲೇ 12 ಅಡಿ ಅಗಲದ ಬೇಲಿ ಹಾಕಿದ ಓಣಿ ಬಿಟ್ಟರು. ಸಣ್ಣ ಗೇಟು, ಎರಡು ಕೀಲಿಕೈ, ಒಂದು ಅರ್ಚಕರ ಬಳಿ. ಜಾತ್ರೆಯ ದಿನ ಉತ್ಸವಮೂರ್ತಿ ಮಾತ್ರ ಹಳೆಯ ದಾರಿಯಲ್ಲೇ ಬರುತ್ತದೆ.

ಕೊಳಚೆಯ ಎಳೆ

ಹಾಸ್ಟೆಲುಗಳಲ್ಲಿ ಸುಮಾರು 1,400 ವಿದ್ಯಾರ್ಥಿಗಳು. ತಲಾ 135 ಲೀಟರ್ ಬಳಕೆ, ಅದರಲ್ಲಿ ಶೇ. 80 ಕೊಳಚೆ ಎಂದರೆ ದಿನಕ್ಕೆ 1.5 ಲಕ್ಷ ಲೀಟರ್. ಇದ್ದ ಶುದ್ಧೀಕರಣ ಘಟಕದ ಸಾಮರ್ಥ್ಯ 1 ಲಕ್ಷ. ಗಾಳಿ ಊದುವ ಎರಡು ಬ್ಲೋವರುಗಳಲ್ಲಿ ಒಂದು ಸುಟ್ಟಿತ್ತು, ನಿರ್ವಹಣೆಯ ಗುತ್ತಿಗೆ ನವೀಕರಣವಾಗಿರಲಿಲ್ಲ, ಉಳಿದ ಕೊಳಚೆ ಒಂದು ಅಡ್ಡಪೈಪಿನ ಮೂಲಕ ನೇರ ಹಳ್ಳಕ್ಕೆ.

ಒತ್ತಡ ಬಂದಾಗ ಮೊದಲು ಮಾಡಿದ್ದು ಅಡ್ಡಪೈಪಿಗೆ ಕಾಂಕ್ರೀಟ್ ತುಂಬಿದ್ದು. ಮಾರನೇ ಬೆಳಗ್ಗೆಯೇ ಹಾಸ್ಟೆಲಿನ ಮ್ಯಾನ್‌ಹೋಲುಗಳು ಉಕ್ಕಿದವು. ಕೊನೆಗೆ ಹಿಡಿದ ಸರಿಯಾದ ಕ್ರಮ ಹೀಗಿತ್ತು: ಮೊದಲು ಮೆಸ್ಸಿನ ಜಿಡ್ಡುಗುಂಡಿಯನ್ನು ವಾರಕ್ಕೊಮ್ಮೆ ತೆಗೆಯುವ ವ್ಯವಸ್ಥೆ, ಏಕೆಂದರೆ ಎಣ್ಣೆ ಜಿಡ್ಡು ಒಳಹೋದರೆ ಘಟಕದ ಬ್ಯಾಕ್ಟೀರಿಯಾಗಳ ಕೆಲಸ ಕುಂಠಿತವಾಗುತ್ತದೆ, ಆಮೇಲೆ ಬೆಳಗ್ಗೆ 6ರಿಂದ 9ರವರೆಗೆ ಒಮ್ಮೆಲೇ ಬರುವ ನೀರನ್ನು ಹಿಡಿದಿಟ್ಟು ದಿನವಿಡೀ ಸಮನಾಗಿ ಬಿಡುವ ತೊಟ್ಟಿ, ನಂತರ ಬ್ಲೋವರ್ ಮತ್ತು ಸಾಮರ್ಥ್ಯ ಹೆಚ್ಚಳ, ಅಡ್ಡಪೈಪು ಮುಚ್ಚುವುದು ಎಲ್ಲಕ್ಕಿಂತ ಕೊನೆಗೆ.

ಯಾರೂ ಎಣಿಸದಿದ್ದ ವಿರೋಧ ಇಲ್ಲಿ ಎದುರಾಯಿತು. ಹಳ್ಳದ ದಂಡೆಯ ಕೆಲವು ಮನೆಯವರು ಬೇಸಿಗೆಯಲ್ಲೂ ಹರಿಯುವ ಆ ಕೊಳಚೆಯನ್ನೇ ಡೀಸೆಲ್ ಪಂಪಿನಿಂದ ಎತ್ತಿ ನೇಪಿಯರ್ ಹುಲ್ಲು ಬೆಳೆದು, ಹಸು ಸಾಕಿ, ಡೇರಿಗೆ ಹಾಲು ಹಾಕುತ್ತಿದ್ದರು. ರಜೆ ಬಿಟ್ಟು ವರ್ಷಕ್ಕೆ 270 ದಿನ ಹಿಡಿದರೆ ಹಾಸ್ಟೆಲಿನ ಕೊಳಚೆ ಒಟ್ಟು 40 ಸಾವಿರ ಘನ ಮೀಟರ್. ಮಳೆಯಿಂದ ಬರುವುದರ ಅರ್ಧಕ್ಕಿಂತ ಹೆಚ್ಚು. ಗ್ರಾಮಸಭೆಯಲ್ಲಿ ಕೆರೆ ಶುದ್ಧವಾಗಲಿ ಎಂದವರಿಗೂ ನೀರು ನಿಲ್ಲಿಸಬೇಡಿ ಎಂದವರಿಗೂ ಜೋರು ಮಾತಾಯಿತು. ಊರು ಎಂದರೆ ಒಂದೇ ದನಿ ಎಂದು ಹೊರಗಿನವರು ಭಾವಿಸುವುದು ಸುಲಭ, ಅದು ನಿಜವಲ್ಲ. ತೀರ್ಮಾನ: ಶುದ್ಧೀಕರಿಸಿದ ನೀರಿನಲ್ಲಿ ಆವರಣದ ತೋಟಕ್ಕೆ ಬೇಕಾದಷ್ಟು ತೆಗೆದು, ಉಳಿದದ್ದನ್ನು ಜೊಂಡು ಬೆಳೆದ ಹೊಂಡದ ಮೂಲಕ ಹಾಯಿಸಿ ಅದೇ ಹಳ್ಳಕ್ಕೆ ಬಿಡುವುದು. ಹುಲ್ಲಿಗೆ ಬಳಸಬಹುದು, ಹಸಿಯಾಗಿ ತಿನ್ನುವ ಸೊಪ್ಪು, ತರಕಾರಿಗೆ ಬಳಸಬಾರದು ಎಂದು ಗ್ರಾಮಸಭೆ ನಿರ್ಣಯ ಬರೆಯಿತು.

ಏನಾಯಿತು

ಕಿಂಡಿಯ ನಂತರದ ಮೊದಲ ದೊಡ್ಡ ಮಳೆ ಭರಣಿಯಲ್ಲೇ ಬಂತು. ನೀರು ಇಳಿಯಲು ಶುರುವಾದ ಗಂಟೆಯೊಳಗೆ ಸರಳಿಗೆ ಕಸ ಕಚ್ಚಿ ಎರಡೂ ಕಣ್ಣು ಅರ್ಧ ಮುಚ್ಚಿದವು. ತೋಟದ ಶಾಖೆ ಕತ್ತರಿಸಿದ ರೆಂಬೆ, ಹುಲ್ಲನ್ನೆಲ್ಲ ಹಳ್ಳದ ದಂಡೆಗೇ ಸುರಿಯುತ್ತಿತ್ತು. ಕಾವಲಿನವರು ಬಿದಿರುಗಳದಿಂದ ಕಸ ಎಳೆದು ಗೋಡೆ ಉಳಿಸಿದರು. ಮಳೆ ನಿಂತ ಮೇಲೆ ನೇರ ಸರಳು ಕಿತ್ತು, ಮೇಲಿನ ಅಂಚಿಗೆ ಕೀಲು ಹಾಕಿ ಓರೆಯಾಗಿ ಇಳಿಬಿಟ್ಟ ಚೌಕಟ್ಟು ಕೂರಿಸಿದರು. ಕೆಳಗೆ ಒಂದು ಪಿನ್ನು, ಅದನ್ನು ಎಳೆದರೆ ಚೌಕಟ್ಟು ನೀರಿನ ಒತ್ತಡಕ್ಕೆ ತಾನೇ ಹೊರಕ್ಕೆ ತೆರೆಯುತ್ತದೆ. ಓರೆ ಇದ್ದರೆ ಕಸ ಮೇಲಕ್ಕೆ ಜಾರುತ್ತದೆ, ಕೆಳಗೆ ನೀರಿಗೆ ದಾರಿ ಉಳಿಯುತ್ತದೆ. ತೋಟದ ಕಸಕ್ಕೆ ಬೇರೆಡೆ ಗೊಬ್ಬರದ ಗುಂಡಿ ತೋಡಿದರು.

ಆ ವರ್ಷ ಹಸ್ತ, ಚಿತ್ತೆ ಮಳೆ ಮುಗಿಯುವ ಹೊತ್ತಿಗೆ ಕೆರೆಯ ನೀರು ತೂಬಿನ ಕಂಬದ ಅರ್ಧದವರೆಗೆ ಬಂತು. ಕೋಡಿ ಬೀಳಲಿಲ್ಲ. ಅಚ್ಚುಕಟ್ಟಿನ ತಲೆಭಾಗದವರು ಭತ್ತ ಹಾಕುವ ಧೈರ್ಯ ಮಾಡಲಿಲ್ಲ, ಆದರೆ ಸುತ್ತಲಿನ ಬೋರ್‌ವೆಲ್ಲುಗಳು ಬೇಸಿಗೆಯಲ್ಲಿ ಹೆಚ್ಚು ಹೊತ್ತು ಓಡಿದವು. ಮೀನು ಸಾಯುವುದು ಘಟಕ ಸರಿಯಾದ ನಂತರ ನಿಂತಿತು.

ಒಪ್ಪಂದವನ್ನು ಎರಡೂ ಕಡೆ ಒಂದೇ ಹಾಳೆಯಲ್ಲಿ ಬರೆದುಕೊಂಡರು, ಕನ್ನಡದಲ್ಲಿ. ಮೇ ಎರಡನೇ ವಾರ ಇಬ್ಬರೂ ಕೂಡಿ ಹಳ್ಳದ ಉದ್ದಕ್ಕೂ ನಡೆದು ನೋಡುವುದು. ಗೋಡೆಯ ಒಳಗಿನ ಹೂಳು ವಿಶ್ವವಿದ್ಯಾಲಯದ್ದು, ಹೊರಗಿನದು ಪಂಚಾಯಿತಿಯದು. ವರ್ಷಕ್ಕೆ ಎರಡು ಸಲ ನೀರಿನ ಪರೀಕ್ಷೆ, ಫಲಿತಾಂಶ ಪಂಚಾಯಿತಿಯ ಸೂಚನಾ ಫಲಕದಲ್ಲಿ. ಚೌಕಟ್ಟಿನ ಪಿನ್ನು ಎಳೆಯುವ ಅಧಿಕಾರ ರಾತ್ರಿ ಪಾಳಿಯ ಕಾವಲುಗಾರನಿಗೇ, ಯಾರ ಅನುಮತಿಗೂ ಕಾಯದೆ. ಎಲ್ಲೂ ವ್ಯಕ್ತಿಯ ಹೆಸರಿಲ್ಲ, ಹುದ್ದೆಯ ಹೆಸರು ಮಾತ್ರ. ಇದಕ್ಕೆ ಕಾರಣವಿದೆ. ಕುಲಪತಿಗಳ ಅವಧಿ ನಾಲ್ಕು ವರ್ಷ, ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಅದಕ್ಕಿಂತ ಮುಂಚೆಯೇ ವರ್ಗವಾಗಬಹುದು, ಎನ್‌ಎಸ್‌ಎಸ್ ಅಧಿಕಾರಿ ಬದಲಾಗುತ್ತಾರೆ. ಹಾಳೆ ಸಿಂಡಿಕೇಟಿನ ನಡಾವಳಿಯಲ್ಲೂ ಗ್ರಾಮಸಭೆಯ ನಿರ್ಣಯ ಪುಸ್ತಕದಲ್ಲೂ ದಾಖಲಾಯಿತು. ಸಹಿ ಹಾಕಿದ ಇಬ್ಬರೂ ಬೇರೆ ಕಡೆ ಹೋದ ಮೇಲೂ ಮೇ ತಿಂಗಳ ನಡಿಗೆ ನಿಲ್ಲಲಿಲ್ಲ.

ಇದೇ ಸ್ಥಿತಿಯಲ್ಲಿರುವವರು ಕ್ರಮ ಬದಲಿಸಿ ನೋಡಬಹುದು. ಇಲ್ಲಿ ಧರಣಿ ಮೊದಲು, ಕಾಗದ ಕೊನೆಗೆ ಬಂತು. ಗ್ರಾಮ ನಕಾಶೆ, ಟಿಪ್ಪಣಿ, ಸ್ವಾಧೀನದ ಅಧಿಸೂಚನೆ ಮೊದಲೇ ಕೈಯಲ್ಲಿದ್ದಿದ್ದರೆ ಒಂದು ಮಳೆಗಾಲವಾದರೂ ಉಳಿಯುತ್ತಿತ್ತು. ಧರಣಿ ಬೇಡವಾಗಿತ್ತು ಎನ್ನಲಾಗದು. ಅದಿಲ್ಲದಿದ್ದರೆ ಕುಲಸಚಿವರ ಮಟ್ಟದಲ್ಲಿ ಯಾರೂ ಕಡತ ತೆರೆಯುತ್ತಿರಲಿಲ್ಲ. ವಿಶ್ವವಿದ್ಯಾಲಯಗಳು ಗೋಡೆಯ ಅಂದಾಜುಪಟ್ಟಿ ತಯಾರಿಸುವಾಗಲೇ ಗ್ರಾಮ ನಕಾಶೆಯ ಮೇಲೆ ಗೋಡೆಯ ರೇಖೆ ಎಳೆದು, ಅದು ಹಳ್ಳ ಅಥವಾ ದಾರಿಯನ್ನು ಕಡಿಯುವ ಪ್ರತಿ ಬಿಂದುವಿಗೂ ಹರಿವಿನ ಲೆಕ್ಕ ಲಗತ್ತಿಸಬೇಕು. ಒಂದು ದಿನದ ಕೆಲಸ.

ಎರಡು ವಿಷಯ ಇನ್ನೂ ಬಾಕಿ ಇವೆ. ಊರಿನ ಪಿಜಿ ಕಟ್ಟಡಗಳಲ್ಲಿ ಕೆಲವು ತಮ್ಮ ಕೊಳಚೆಯನ್ನು ಗೋಡೆಯ ಹೊರಗೆ ಅದೇ ಹಳ್ಳಕ್ಕೆ ಬಿಡುತ್ತಿವೆ. ಪಂಚಾಯಿತಿ ನೋಟಿಸು ಕೊಟ್ಟಿದೆ, ಕಟ್ಟಡದವರು ಇಂಗುಗುಂಡಿ ಮಾಡುವುದಾಗಿ ಬರೆದುಕೊಟ್ಟಿದ್ದಾರೆ, ಗುಂಡಿ ತೋಡಿಲ್ಲ. ಎರಡನೇ ಹಳ್ಳದಲ್ಲಿ ಹಳೆಯ 300 ಮಿಲಿಮೀಟರ್ ಪೈಪೇ ಇದೆ. ಆ ಹಳ್ಳದ ಮೂಲ ಜಾಡಿನ ಮೇಲೆ ಒಂದು ಕಟ್ಟಡ ಎದ್ದಿರುವುದರಿಂದ ನೀರನ್ನು ಎರಡು ತಿರುವು ಕೊಟ್ಟು ಮುಖ್ಯ ಹಳ್ಳಕ್ಕೆ ಕೂಡಿಸಿದ್ದಾರೆ. ಮೊದಲ ತಿರುವಿನ ಹೊರದಂಡೆ ಪ್ರತಿ ಮಳೆಗೂ ಕೊರೆಯುತ್ತಿದೆ. ಅಲ್ಲಿ ಸೈಜುಗಲ್ಲಿನ ದಂಡೆ ಕಟ್ಟುವ ಅಂದಾಜುಪಟ್ಟಿ ಸಿದ್ಧವಾಗಿದ್ದು, ಹಣಕಾಸು ಸಮಿತಿಯ ಮುಂದಿದೆ.